ಗೆದ್ದುದು ಯಾವುದು, ಮೇಲಾದುದು ಯಾವುದು?

ಎರಡು ವಸ್ತುಗಳು ಸ್ಪರ್ಧೆಗಿಳಿದು ಅವುಗಳಲ್ಲಿ ಒಂದು ಗೆದ್ದಿತೆಂದರೆ, ಗೆದ್ದುದೇ ಉತ್ತಮವಾದುದೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಚುನಾವಣೆಯ ವಿಷಯದಲ್ಲಿ ಈ ಮಾತನ್ನೊಪ್ಪಲು ಹಿಂಜರಿಯುವ ನಾವು ಯಂತ್ರಗಳ ವಿಷಯದಲ್ಲಿ ಮಾತ್ರ ಮರುಮಾತಿಲ್ಲದೆ ಒಪ್ಪುತ್ತೇವೆ. ವಿಜ್ಞಾನದ ಕಣದಲ್ಲಿ ಪಕ್ಷಪಾತಕ್ಕೆ ಎಡೆಯೆಲ್ಲಿ ಎಂಬುದು ನಮ್ಮ ನಂಬಿಕೆ. ಈ ನಂಬಿಕೆಯನ್ನು ಕೊಂಚ ಒರೆಗೆ ಹಚ್ಚಿ ನೋಡೋಣವೆಂಬ ಆಸೆ ನನಗೆ ಹುಟ್ಟಿದ್ದು ನಮ್ಮ ಸೋದರಮಾವನ ಕಪಾಟಿನಿಂದ.

ಮಾವ ಕೆಲವು ವರ್ಷ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದು ಊರಿಗೆ ಹಿಂದಿರುಗಿದವರು. ಸಿನಿಮಾ ಎಂದರೆ ಊಟ ಬಿಡುವವರು. ಅವರ ಕಪಾಟಿನಲ್ಲಿ ಚಿತ್ರಗಳ ಡಿಸ್ಕುಗಳು ಎರಡು ಸಾಲಾಗಿ ನಿಂತಿವೆ. ಕೆಂಪು ಡಬ್ಬಿಗಳವು ಎಚ್.ಡಿ. ಡಿ.ವಿ.ಡಿ.; ನೀಲಿ ಡಬ್ಬಿಗಳವು ಬ್ಲೂ-ರೇ. “ಈ ಕೆಂಪು ಸಾಲು ಸೋತ ಪಕ್ಷ ಕಣೋ” ಎಂದು ಅವರು ನಗುತ್ತಾರೆ. ನಗುವಿನ ಹಿಂದೆ ಸಣ್ಣ ನೋವೂ ಇದೆ. ಕೈಯಿಂದ ಹಣ ಕೊಟ್ಟವರಲ್ಲವೆ?

ನಾನು ಇತಿಹಾಸದ ವಿದ್ಯಾರ್ಥಿ. ಭೌತಶಾಸ್ತ್ರ ನನ್ನನ್ನು ಕಂಡರೆ ದೂರದಿಂದಲೇ ನಮಸ್ಕಾರ ಮಾಡುತ್ತದೆ. ಆದರೂ ಬಿ.ಎಸ್‌ಸಿ. ಓದುವ ಗೆಳೆಯನೊಬ್ಬನನ್ನು ಕಾಡಿ ಬೇಡಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಎರಡು ಡಿಸ್ಕುಗಳೂ ನೋಡಲು ಅವಳಿ ಮಕ್ಕಳು. ಅಡ್ಡಗಲ ೧೨ ಸೆಂಟಿಮೀಟರು, ದಪ್ಪ ೧.೨ ಮಿಲಿಮೀಟರು. ಹಳೆಯ ಡಿ.ವಿ.ಡಿ.ಯನ್ನು ಓದುವುದು ೬೫೦ ನ್ಯಾನೊಮೀಟರು ಅಲೆಯುದ್ದದ ಕೆಂಪು ಬೆಳಕಾದರೆ, ಇವೆರಡನ್ನೂ ಓದುವುದು ೪೦೫ ನ್ಯಾನೊಮೀಟರಿನ ನೇರಿಳೆ ಲೇಸರ್ ಬೆಳಕು. ಅಲೆ ಕಿರಿದಾದಷ್ಟೂ ಅದು ಬೀಳುವ ಚುಕ್ಕೆ ಕಿರಿದು. ಚುಕ್ಕೆ ಕಿರಿದಾದಷ್ಟೂ ಅಕ್ಷರ ಸಣ್ಣದಾಗಿ ಬರೆಯಬಹುದು. ತೆರೆಯ ಮೇಲೆ ಮೂಡುವ ಚಿತ್ರದ ಅಳತೆಯೂ ಎರಡರಲ್ಲಿ ಒಂದೇ: ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳು.

ಹಾಗಾದರೆ ಜಗಳವೇತಕ್ಕೆ? ಆಳಕ್ಕಾಗಿ! ಎಚ್.ಡಿ. ಡಿ.ವಿ.ಡಿ.ಯಲ್ಲಿ ಬರವಣಿಗೆಯ ಪದರ ಮೇಲ್ಮೈಯಿಂದ ೦.೬ ಮಿಲಿಮೀಟರು ಒಳಗಿದೆ. ಹಳೆಯ ಡಿ.ವಿ.ಡಿ.ಯಲ್ಲಿಯೂ ಅಷ್ಟೇ. ಬ್ಲೂ-ರೇಯಲ್ಲಿ ಅದು ಕೇವಲ ೦.೧ ಮಿಲಿಮೀಟರು ಒಳಗೆ. ಕಲ್ಯಾಣಿಯ ಮೇಲಿನ ಮೆಟ್ಟಿಲ ಮೇಲೆ ಬಿದ್ದ ನಾಣ್ಯ ನೀರು ಕದಡಿದರೂ ಕಾಣುತ್ತದೆ; ತಳದಲ್ಲಿ ಬಿದ್ದುದು ಅಲುಗಾಡಿ ಮಸಕಾಗುತ್ತದೆ. ಹಾಗೆಯೇ, ಮೇಲಿರುವ ಪ್ಲಾಸ್ಟಿಕ್ಕು ತೆಳುವಾದಷ್ಟೂ ಬೆಳಕನ್ನು ಬಲವಾಗಿ ಒಂದೆಡೆ ಕೂಡಿಸುವ ಮಸೂರವನ್ನು ಧೈರ್ಯವಾಗಿ ಬಳಸಬಹುದು. ಅದರ ಫಲವಾಗಿ ಎಚ್.ಡಿ. ಡಿ.ವಿ.ಡಿ.ಯ ಸಾಲುಗಳ ನಡುವಿನ ಅಂತರ ೦.೪೦ ಮೈಕ್ರೊಮೀಟರಾದರೆ ಬ್ಲೂ-ರೇಯದು ೦.೩೨. ಮೊದಲನೆಯದರ ಒಂದು ಪದರದಲ್ಲಿ ೧೫ ಗಿಗಾಬೈಟು ಹಿಡಿದರೆ ಎರಡನೆಯದರಲ್ಲಿ ೨೫. ಎರಡು ಪದರವಾದರೆ ೩೦ ಮತ್ತು ೫೦.

ಲೆಕ್ಕ ಇಲ್ಲಿಗೇ ಮುಗಿಯಿತೆಂದು ಬ್ಲೂ-ರೇ ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಇನ್ನೊಂದು ಪಕ್ಷದ ವಾದವನ್ನೂ ಕೇಳಬೇಡವೆ? ಬರವಣಿಗೆ ಮೇಲ್ಮೈಗೆ ಸಮೀಪವಿದ್ದರೆ ಗೀಚಿನ ಭಯ ಹೆಚ್ಚು. ಅದಕ್ಕಾಗಿ ಬ್ಲೂ-ರೇಗೆ ಗಟ್ಟಿಯಾದ ಲೇಪನ ಬೇಕಾಯಿತು. ಹಳೆಯ ಆಳವನ್ನೇ ಉಳಿಸಿಕೊಂಡ ಎಚ್.ಡಿ. ಡಿ.ವಿ.ಡಿ.ಯನ್ನು ಡಿ.ವಿ.ಡಿ. ಕಾರ್ಖಾನೆಯ ಯಂತ್ರಗಳನ್ನೇ ಸ್ವಲ್ಪ ತಿದ್ದಿ ತಯಾರಿಸಬಹುದಾಗಿತ್ತು. ೨೦೦೬ರ ಏಪ್ರಿಲಿನಲ್ಲಿ ತೋಷಿಬಾ ತನ್ನ ಪ್ಲೇಯರನ್ನು ಅಮೆರಿಕದಲ್ಲಿ ೪೯೯ ಡಾಲರಿಗೆ ಬಿಡುಗಡೆ ಮಾಡಿತು. ಜೂನಿನಲ್ಲಿ ಬಂದ ಸ್ಯಾಮ್‌ಸಂಗಿನ ಬ್ಲೂ-ರೇ ಪ್ಲೇಯರಿನ ಬೆಲೆ ೯೯೯ ಡಾಲರು. ಜಾಗ ಹೆಚ್ಚಿದ್ದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಕಾಣುತ್ತದೆಂಬ ನಿಯಮವೂ ಇಲ್ಲ. ಮೊದಮೊದಲ ಬ್ಲೂ-ರೇ ಚಿತ್ರಗಳಲ್ಲಿ ಹಲವನ್ನು ಎಂಪೆಗ್-೨ ಎಂಬ ಹಳೆಯ, ದುಂದುಗಾರ ವಿಧಾನದಲ್ಲಿ ಒಂದೇ ಪದರದ ಡಿಸ್ಕಿಗೆ ತುಂಬಿದರು, ಎದುರಾಳಿಗಳು ವಿ.ಸಿ.-೧ ಎಂಬ ಮಿತವ್ಯಯದ ವಿಧಾನವನ್ನು ಹಿಡಿದರು. ದೊಡ್ಡ ಕಣಜವಿದ್ದವನು ಹೊಟ್ಟು ತುಂಬಿದ, ಸಣ್ಣ ಕಣಜದವನು ಕಾಳು ತುಂಬಿದ ಎಂಬಂತಾಯಿತು.

ಇನ್ನೂ ಮುಖ್ಯವಾದ ಮಾತೊಂದಿದೆ. ಅಂತರಜಾಲಕ್ಕೆ ಜೋಡಿಸುವ ಕಿಂಡಿ, ಚಿತ್ರದೊಳಗೆ ಇನ್ನೊಂದು ಪುಟ್ಟ ಚಿತ್ರವನ್ನು ತೋರಿಸುವ ಶಕ್ತಿ, ಇವೆರಡೂ ಪ್ರತಿಯೊಂದು ಎಚ್.ಡಿ. ಡಿ.ವಿ.ಡಿ. ಪ್ಲೇಯರಿನಲ್ಲಿ ಮೊದಲ ದಿನದಿಂದಲೇ ಕಡ್ಡಾಯವಾಗಿದ್ದವು. ಬ್ಲೂ-ರೇಯಲ್ಲಿ ಎರಡನೆಯದು ಕಡ್ಡಾಯವಾದದ್ದು ೨೦೦೭ರ ನವೆಂಬರಿನಿಂದೀಚೆಗೆ ಬಂದ ಪ್ಲೇಯರುಗಳಿಗೆ ಮಾತ್ರ. ಅಲ್ಲದೆ ಬ್ಲೂ-ರೇ ಭೂಮಂಡಲವನ್ನು ಮೂರು ವಲಯಗಳಾಗಿ ಹಂಚಿತು. ಅಮೆರಿಕ ‘ಎ’ ವಲಯ, ಯೂರೋಪು ‘ಬಿ’, ನಮ್ಮ ಭಾರತ ‘ಸಿ’. ಎಚ್.ಡಿ. ಡಿ.ವಿ.ಡಿ.ಯಲ್ಲಿ ಈ ಬೇಲಿಯೇ ಇರಲಿಲ್ಲ. ಮಾವ ಊರಿಗೆ ಬಂದು ಕೊಂಡ ಪ್ಲೇಯರಿನಲ್ಲಿ ಅವರ ನೀಲಿ ಸಾಲಿನ ಕೆಲವು ಡಿಸ್ಕುಗಳು ಇಂದಿಗೂ ಓಡುವುದಿಲ್ಲ. ಗೆದ್ದ ಪಕ್ಷದ ಡಿಸ್ಕು, ಹಣ ಕೊಟ್ಟು ಕೊಂಡದ್ದು, ಗೀಚಿಲ್ಲ. ಆದರೂ ಸಾಗರ ದಾಟಿದ ತಪ್ಪಿಗೆ ಮೌನ.

ಸ್ಪರ್ಧೆ ಮುಗಿದದ್ದಾದರೂ ಮಸೂರದ ಬಲದಿಂದಲ್ಲ. ೨೦೦೬ರ ನವೆಂಬರಿನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್-೩ ಆಟದ ಯಂತ್ರ ಬ್ಲೂ-ರೇಯನ್ನು ಅನೇಕರ ಮನೆಯೊಳಕ್ಕೆ ಹೊತ್ತೊಯ್ದಿತು. ಎರಡು ಬಗೆಯಲ್ಲಿಯೂ ಚಿತ್ರಗಳನ್ನು ಹೊರತರುತ್ತಿದ್ದ ವಾರ್ನರ್ ಸಂಸ್ಥೆ ಇನ್ನು ಬ್ಲೂ-ರೇ ಮಾತ್ರವೆಂದು ೨೦೦೮ರ ಜನವರಿ ೪ರಂದು ಸಾರಿತು. ಫೆಬ್ರವರಿ ೧೯ರಂದು ತೋಷಿಬಾ ಕಣದಿಂದ ಹಿಂದೆ ಸರಿಯಿತು.

ಇಷ್ಟನ್ನೂ ನಮ್ಮ ತರ್ಕಶಾಸ್ತ್ರದ ಅಧ್ಯಾಪಕರ ಮುಂದಿಟ್ಟು, “ಸಾರ್, ಯಾವುದು ಮೇಲು?” ಎಂದೆ. ಅವರು ಕನ್ನಡಕ ತೆಗೆದು, “ಮೇಲು ಎನ್ನುವುದಕ್ಕೆ ಮುಂಚೆ, ಯಾವುದರಲ್ಲಿ ಮೇಲು, ಯಾರಿಗೆ ಮೇಲು ಎಂದು ಕೇಳಿಕೊಳ್ಳಪ್ಪ” ಎಂದಷ್ಟೇ ಹೇಳಿ ಕ್ಲಾಸಿಗೆ ಹೊರಟರು.

ಆ ಮಾತನ್ನು ಹಿಡಿದು ಯೋಚಿಸಿದಾಗ ನನಗೆ ತೋರಿದ್ದು ಇದು. ಒಂದು ವಸ್ತುವಿನ ಗುಣಗಳಲ್ಲಿ ಎರಡು ಬಗೆಯುಂಟು: ಧಾತುವಿನಲ್ಲಿ ಬೆರೆತ ಗುಣ, ಕಟ್ಟಳೆಯಲ್ಲಿ ಬರೆದ ಗುಣ. ೦.೬ ಮಿಲಿಮೀಟರಿನ ಆಳ ಧಾತುವಿನದು; ಡಿಸ್ಕನ್ನು ಬೇರೆಯಾಗಿಯೇ ಕಟ್ಟದ ಹೊರತು ಅದನ್ನು ತಿದ್ದಲಾಗದು. ದೇಶದೇಶಗಳ ನಡುವಿನ ಬೇಲಿ ಕಟ್ಟಳೆಯದು. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಕೀಳಬಹುದು. ಧಾತುವಿನಲ್ಲಿ ಬ್ಲೂ-ರೇ ಮೇಲೆಂದು ನಾನು ಒಪ್ಪುತ್ತೇನೆ. ನೋಡುಗನಿಗೆ ತೋರಿದ ಮರ್ಯಾದೆಯಲ್ಲಿ ಎಚ್.ಡಿ. ಡಿ.ವಿ.ಡಿ. ಮೇಲು. ಗಿಗಾಬೈಟುಗಳನ್ನು ಎಣಿಸಿದವರಿಗೆ ಈ ಎರಡನೆಯ ಗುಣ ಲೆಕ್ಕಕ್ಕೇ ಬರಲಿಲ್ಲ.

೨೦೧೬ರಲ್ಲಿ ಇನ್ನೂ ಸೂಕ್ಷ್ಮವಾದ ಚಿತ್ರಗಳಿಗಾಗಿ ಅಲ್ಟ್ರಾ ಎಚ್.ಡಿ. ಬ್ಲೂ-ರೇ ಬಂದಿತು. ಅದರ ಡಿಸ್ಕುಗಳಲ್ಲಿ ೧೦೦ ಗಿಗಾಬೈಟಿನವರೆಗೆ ಜಾಗವುಂಟು. ಅದು ನೀಲಿ ಪಕ್ಷದ ಧಾತುವಿನ ಫಲ. ಅದರಲ್ಲಿ ವಲಯಗಳ ಬೇಲಿಯಿಲ್ಲ. ಅದು ಕೆಂಪು ಪಕ್ಷದಲ್ಲಿ ಮೊದಲೇ ಇದ್ದ ಗುಣ. ಆ ಗುಣ ಗೆದ್ದವರ ಮನೆಗೆ ಬರಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷದ ದಂಡವನ್ನು ತೆತ್ತವರು ಮಾವನಂಥ ನೋಡುಗರು. ಆದುದರಿಂದ ಯಾವುದೇ ಸ್ಪರ್ಧೆ ಮುಗಿದಾಗ ಗೆದ್ದವನ ಕೊರಳಿಗೆ ಹಾರ ಹಾಕೋಣ, ಬೇಡವೆನ್ನುವವರಾರು? ಆದರೆ ಸೋತವನು ಗಂಟುಮೂಟೆ ಕಟ್ಟಿ ಹೊರಡುವ ಮುನ್ನ, ಅದರಲ್ಲಿ ನಾವು ಉಳಿಸಿಕೊಳ್ಳಬೇಕಾದದ್ದು ಏನಿದೆಯೆಂದು ಒಮ್ಮೆ ಬಿಚ್ಚಿ ನೋಡುವುದು ಲೇಸು.