ಇನ್ನೂರು ಗಜದ ಪರವಾನಗಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಾಲದಲ್ಲಿ ಹಳ್ಳಿಯಲ್ಲಿ ಮನೆ ಕಟ್ಟಲು ಪರವಾನಗಿಯ ಮಾತೇ ಇರಲಿಲ್ಲ. ಕಲಬುರಗಿ ಜಿಲ್ಲೆಯ ನಮ್ಮೂರಿನಲ್ಲಿ ಮುತ್ಯಾ ಮನೆ ಕಟ್ಟಿಸಿದಾಗ ಕೇಳಿದ್ದು ಇಬ್ಬರನ್ನೇ: ಮುಹೂರ್ತಕ್ಕೆ ಅಯ್ಯನವರನ್ನು, ಗೋಡೆಗೆ ಪಕ್ಕದ ಮನೆಯವರನ್ನು. ಈಗ ಹಾಗಲ್ಲ. ಹಾಗಿರಬೇಕೆಂದು ನಾವು ಹೇಳುವುದೂ ಇಲ್ಲ. ಎಲ್ಲರೂ ಮುತ್ಯಾನ ಹಾಗೆ ಕಟ್ಟಿದರೆ ರಸ್ತೆ ಎಲ್ಲಿ ಉಳಿದೀತು?

ಕಾಚಿಗುಡದ ಬಾಡಿಗೆ ಮನೆಯಲ್ಲಿದ್ದ ಕಾಲದಲ್ಲಿ, 1986ರಲ್ಲಿ, ಚೀಟಿ ಎತ್ತಿದ ಹಣದಿಂದ ರಂಗಾರೆಡ್ಡಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇನ್ನೂರು ಗಜ ಜಾಗ ಕೊಂಡೆವು. ಗುಂಟೆಗೆ 121 ಗಜ. ನಮ್ಮ ಕಡೆಯ ಲೆಕ್ಕದಲ್ಲಿ ಎರಡು ಗುಂಟೆಯೂ ಅಲ್ಲ. ಸುತ್ತ ಔಡಲದ ಹೊಲ, ನಡುವೆ ಸುಣ್ಣ ಬಳಿದ ಕಲ್ಲುಗಳು, ತುಸು ದೂರದಲ್ಲಿ ಒಂದು ಕೆರೆ. ಇಲ್ಲಿಯವರು ಇದನ್ನು ‘ವೆಂಚರ್’ ಎನ್ನುತ್ತಾರೆ. ಸರಪಂಚರ ಸಹಿ, ನೋಂದಾಯಿತ ಕ್ರಯಪತ್ರ ಎರಡೂ ಇದ್ದವು. ಓದುಗರಲ್ಲಿ ಹಲವರ ಪೆಟ್ಟಿಗೆಯಲ್ಲೂ ಇಂಥ ಕ್ರಯಪತ್ರ ಇದ್ದೀತು.

ಮುಂದೆ ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿಗೆ ಬಂದೆವು. ಅವ್ವನ ಮೊಣಕಾಲು ಕೈಕೊಟ್ಟ ಮೇಲೆ ಅವರು ನೆಲ ಮುಟ್ಟುವುದು ಹಬ್ಬಕ್ಕೊಮ್ಮೆ ಎನ್ನುವಂತಾಯಿತು. ಹಳ್ಳಿಯ ಜಾಗದಲ್ಲಿ ಎರಡು ಕೋಣೆ ಕಟ್ಟೋಣವೆಂದು ಪಂಚಾಯತಿಗೆ ಹೋದೆವು. ಅದೇ ಹೊತ್ತಿಗೆ, 2020ರಲ್ಲಿ, ತೆಲಂಗಾಣದಲ್ಲಿ ಟಿಎಸ್-ಬಿಪಾಸ್ ಕಾಯಿದೆ ಬಂದಿತ್ತು. 75 ಗಜದೊಳಗಿನ ಸಣ್ಣ ಮನೆಗೆ ಪರವಾನಗಿಯೇ ಬೇಡ, ಒಂದು ರೂಪಾಯಿ ಕಟ್ಟಿ ನೋಂದಾಯಿಸಿದರೆ ಸಾಕು. 500 ಚದರ ಮೀಟರೊಳಗಿನ ಜಾಗದಲ್ಲಿ 10 ಮೀಟರ್ ಎತ್ತರದವರೆಗೆ ಮಾಲೀಕರೇ ದೃಢೀಕರಿಸಿದರೆ ತಕ್ಷಣ ಪರವಾನಗಿ. ಅದಕ್ಕಿಂತ ದೊಡ್ಡದಕ್ಕೆ 21 ದಿನ. ನಮಗೆ ತಕ್ಷಣವೇ ಎಂದು ಹಿಗ್ಗಿದೆವು.

ಕಾರ್ಯದರ್ಶಿ ಸಭ್ಯ ಹುಡುಗ. “ಮನೆಯ ನಕ್ಷೆ ಸರಿಯಾಗಿದೆ ಸಾರ್, ಬಡಾವಣೆಯದೇ ಮಂಜೂರಾಗಿಲ್ಲ,” ಎಂದ. ಸರಪಂಚರ ಸಹಿಯ ಬಡಾವಣೆಗೆ ನಗರ ಯೋಜನೆಯವರ ಒಪ್ಪಿಗೆ ಇರಲಿಲ್ಲ. ಅದು ಸಕ್ರಮವಾಗುವ ತನಕ ಮನೆಯ ಮಾತಿಲ್ಲ. ಹಳ್ಳಿಯ ಪರವಾನಗಿ ಇರುವುದೇ ಇಲ್ಲಿ: ಕಿಟಕಿ ಬಾಗಿಲನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ, ನೆಲದ ಪೂರ್ವಾಪರ ಕೇಳುತ್ತಾರೆ.

ಸಕ್ರಮಕ್ಕೂ ಅದೇ ವರ್ಷ ಆಗಸ್ಟ್ 31ರಂದು ಎಲ್.ಆರ್.ಎಸ್. ಆದೇಶ ಹೊರಟಿತ್ತು. ಸಾವಿರ ರೂಪಾಯಿ ಕಟ್ಟಿ ಅಕ್ಟೋಬರಿನಲ್ಲಿ ಅರ್ಜಿ ಹಾಕಿದೆವು. ರಾಜ್ಯದಲ್ಲಿ ಹಾಗೆ ಹಾಕಿದವರು ಸುಮಾರು 25 ಲಕ್ಷ. ಮೊಕದ್ದಮೆಗಳು ನ್ಯಾಯಾಲಯಕ್ಕೆ ಹೋದವು, ಅರ್ಜಿಗಳು ಕುಳಿತವು. ವರ್ಷಗಳು ಕಳೆದವು, ಅವ್ವ ಕೇಳುವುದನ್ನೂ ಬಿಟ್ಟರು.

2024ರ ಜುಲೈಯಲ್ಲಿ ಹೈಡ್ರಾ ಸಂಸ್ಥೆ ಹುಟ್ಟಿ, ಕೆರೆಯಂಗಳದ ಕಟ್ಟಡಗಳನ್ನು ಕೆಡವತೊಡಗಿತು. ಅದರ ಎಲ್ಲೆ ಹೊರವರ್ತುಲ ರಸ್ತೆಯ ತನಕ ಮಾತ್ರ, ನಮ್ಮ ಹಳ್ಳಿ ಅದರಾಚೆ. ಆದರೆ ಭಯಕ್ಕೆ ಎಲ್ಲೆ ಹಾಕುವವರಾರು? ಎಲ್.ಆರ್.ಎಸ್.ನಲ್ಲಿಯೂ ಕೆರೆಯ ನೆಲಕ್ಕೆ ಸಕ್ರಮವಿಲ್ಲ. ನಮ್ಮ ಸರ್ವೆ ನಂಬರು ಶಿಖಂ, ಅಂದರೆ ಕೆರೆಯ ಒಡಲಿನದು, ಎಂದು ಯಾರೋ ಸುದ್ದಿ ಹಬ್ಬಿಸಿದರು. ಬಂದ ಬೆಲೆಗೆ ಮಾರಿಬಿಡಿ ಎಂದ ಮಗ. ಅನುಮಾನದ ನೆಲವನ್ನು ಇನ್ನೊಬ್ಬರ ಕೊರಳಿಗೆ ಕಟ್ಟಲು ನಮಗೆ ಮನಸ್ಸಾಗಲಿಲ್ಲ.

ವಕೀಲರು 1954-55ರ ಖಾಸ್ರಾ ಪಹಣಿ ತರಲು ಹೇಳಿದರು. ಹಕ್ಕಿನ ಮಾತು ಬಂದಾಗ ತೆಲಂಗಾಣದಲ್ಲಿ ಎಲ್ಲರೂ ಹಿಂದಕ್ಕೆ ಹೋಗಿ ನಿಲ್ಲುವುದು ಆ ಕಾಗದದ ಹತ್ತಿರ. ನಕಲು ಸಿಕ್ಕಿತು. ಉರ್ದುವಿನಲ್ಲಿತ್ತು, ಅದೂ ಓಡಿಸಿ ಬರೆದ ಕೈಬರಹ. ಕಚೇರಿಯ ತರುಣರಿಗೆ ಬಾರದು, ವಕೀಲರಿಗೆ ಬಾರದು.

ನಮ್ಮ ತಂದೆಯವರಿಗೆ ಬರುತ್ತಿತ್ತು. 1933ರಲ್ಲಿ ಹುಟ್ಟಿದವರು, ನಿಜಾಮರ ಕಾಲದ ಕಲಬುರಗಿಯಲ್ಲಿ ಉರ್ದುವಿನಲ್ಲೇ ಓದಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಎಂದು ಆ ಕಾಲವನ್ನು ಅವರು ಬೈದದ್ದನ್ನು ನಾವು ಬೇಕಾದಷ್ಟು ಸಲ ಕೇಳಿದ್ದೇವೆ. ಭೂತಗನ್ನಡಿ ಹಿಡಿದು ಒಂದು ಮಧ್ಯಾಹ್ನವೆಲ್ಲ ಕುಳಿತರು. ಪಟ್ಟೇದಾರ್ ಯಾರು, ಕಾಬಿಜ್ ಯಾರು, ಎಷ್ಟು ಎಕರೆ, ಎಷ್ಟು ಗುಂಟೆ, ಒಂದೊಂದನ್ನೂ ಕನ್ನಡದಲ್ಲಿ ಬರೆಸಿದರು. ಪಟ್ಟಾ, ಪಹಣಿ, ಗುಂಟೆ ಎಲ್ಲವೂ ನಮ್ಮೂರಿನ ಮಾತೇ. 1956ರ ತನಕ ಕಲಬುರಗಿಯೂ ಈ ಹಳ್ಳಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವಲ್ಲ! ‘1358 ಫಸಲಿ’ ಎಂಬ ಕಟ್ಟಳೆಯ ಹೆಸರು ಬಂದಾಗ ಮಗನ ಕಡೆ ತಿರುಗಿ, “590 ಕೂಡಸು, 1948 ಬರ್ತದ. ಇಷ್ಟೂ ಕಲಿಸಿಲ್ಲೇನು ನಿನಗ?” ಎಂದರು.

ಕಡೆಗೆ ಕನ್ನಡಿ ಕೆಳಗಿಟ್ಟು, “ಇದು ಶಿಖಂ ಅಲ್ಲಪ್ಪ, ಪಟ್ಟಾ ಅದ. ಕೆರಿ ನಂಬರ ಬ್ಯಾರೆ ಅದ,” ಎಂದರು.

ಉರ್ದು ಬಲ್ಲ ಇನ್ನೊಬ್ಬರಿಂದ ಓದಿಸಿ ವಕೀಲರೂ ಅದನ್ನೇ ಹೇಳಿದರು. 2025ರಲ್ಲಿ ಸರ್ಕಾರ ಮಾರ್ಚ್ ಕೊನೆಯೊಳಗೆ ಹಣ ಕಟ್ಟಿದವರಿಗೆ ಶೇಕಡಾ 25 ರಿಯಾಯಿತಿ ಸಾರಿದಾಗ ಧೈರ್ಯವಾಗಿ ಕಟ್ಟಿದೆವು. ಬಡಾವಣೆಯಲ್ಲಿ ಬಯಲು ಜಾಗ ಬಿಟ್ಟಿಲ್ಲವೆಂದು ನಿವೇಶನದ ಬೆಲೆಯ ಶೇಕಡಾ 14 ಬೇರೆ. ಸಕ್ರಮದ ಪತ್ರ ಕೈಗೆ ಬಂದ ಮೇಲೆ ಮನೆಯ ಪರವಾನಗಿ ನಿಜವಾಗಿಯೂ ತಡವಾಗಲಿಲ್ಲ.

ಸಂಘದ ಬಂಧುಗಳಲ್ಲಿ ಯಾರ ಬಳಿಯಾದರೂ ಇಂಥ ಹಳೆಯ ಪಹಣಿ ಇದ್ದರೆ, ಉರ್ದು ಓದಿದ ನಮ್ಮ ಕಡೆಯ ಹಿರಿಯರು ಇರುವಾಗಲೇ ಓದಿಸಿ, ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ಅಂಥವರು ಈಗ ಬೆರಳೆಣಿಕೆಯಷ್ಟು.

ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಹಿತ್ತಲಲ್ಲಿ ರೊಟ್ಟಿಗೆ ಕಟ್ಟಿಗೆಯ ಒಲೆ ಬೇಕೆಂದು ಅವ್ವ ಹಟ ಹಿಡಿದಿದ್ದಾರೆ. ಮಂಜೂರಾದ ನಕ್ಷೆಯಲ್ಲಿ ಒಲೆ ಇಲ್ಲ. ಬಿಡಲೇಬೇಕಾದ ಖಾಲಿ ಜಾಗದಲ್ಲಿ ಹೂಡಬಹುದೇ ಎಂದು ಇಂಜಿನಿಯರರನ್ನು ಕೇಳಿದ್ದೇವೆ.