ಸ್ಪರ್ಧೆಯ ಬೆಲೆ

ಹೊಸ ವಸ್ತುವಿಗೆ ಬೆಲೆ ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಮಾಡಿದವನು ಸಾಮಗ್ರಿಯ ವೆಚ್ಚ, ಕೆಲಸದವರ ಕೂಲಿ, ತನ್ನ ಲಾಭ ಇವು ಮೂರನ್ನೂ ಕೂಡಿಸಿ ಒಂದು ಅಂಕಿಯನ್ನು ಹೇಳುವನು. ಕೊಳ್ಳತಕ್ಕವನು ಒಪ್ಪಿದರೆ ಕೊಡುವನು, ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗುವನು. ಹಳೆಯ ವಸ್ತುವಿನ ಮಾತು ಬೇರೆ. ಅದು ಒಬ್ಬರ ಮನೆಯಲ್ಲಿ ಬಾಳಿ, ಕೈಯಿಂದ ಕೈಗೆ ಸವೆದು, ಯಾವುದೋ ಒಂದು ದಿನ ಬೇಡವೆನಿಸಿ ಹೊರಕ್ಕೆ ಬಂದಿರುವುದು. ಮಾರುವವನ ಕಣ್ಣಿಗೆ ಅದು ಅಟ್ಟದ ಮೇಲಣ ಕಸ. ಕೊಳ್ಳುವವನ ಕಣ್ಣಿಗೆ ಒಮ್ಮೊಮ್ಮೆ ಕಳೆದುಹೋದ ಆಯುಸ್ಸಿನ ಒಂದು ತುಣುಕು. ಇವೆರಡರ ನಡುವೆ ಬೆಲೆಯು ಎಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡುವುದಕ್ಕಾಗಿ ಜನರು ಬಹುಕಾಲದ ಹಿಂದೆಯೇ ಕಂಡುಕೊಂಡ ಉಪಾಯವು ಹರಾಜು.

ಕನ್ನಡನಾಡಿನ ಊರುಗಳಲ್ಲಿ ಹರಾಜನ್ನು ಕಾಣದವರು ವಿರಳ. ರಥೋತ್ಸವವು ಮುಗಿದ ಮೇಲೆ ದೇವರಿಗೆ ಒಪ್ಪಿಸಿದ ಸೀರೆ, ತೆಂಗಿನಕಾಯಿ, ಬಾಳೆಗೊನೆಗಳನ್ನು ದೇವಸ್ಥಾನದ ಮುಂದೆ ಕೂಗಿ ಮಾರುವರು. ಕೂಗುವವನು "ಒಂದು ಸಲ, ಎರಡು ಸಲ" ಎಂದು ದನಿಯನ್ನು ಎಳೆದು, ನೆರೆದವರನ್ನೊಮ್ಮೆ ಸುತ್ತ ನೋಡಿ, "ಮೂರು ಸಲ" ಎನ್ನುವುದರೊಳಗೆ ಹತ್ತಾರು ರೂಪಾಯಿಯ ಕಾಯಿಯು ನೂರಾರು ರೂಪಾಯಿಗೆ ಏರಿರುವುದುಂಟು. ಈ ಮೂರು ಸಲದ ಕೂಗು ಇಂದು ನಿನ್ನೆಯದಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ಸ್ಪಷ್ಟವಾಗಿ ಕಾಣುವುದು. ಮನೆ, ಹೊಲ, ತೋಟಗಳನ್ನು ಮಾರುವಾಗ ನೆರೆಯ ನಲವತ್ತು ಕುಲದವರ ಎದುರಿನಲ್ಲಿ ಎಲ್ಲೆಕಟ್ಟುಗಳನ್ನು ಹೇಳಿ, ಈ ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಲ ಸಾರಬೇಕು. ಸುಂಕದ ಕಟ್ಟೆಗೆ ಬಂದ ಸರಕಿಗೂ ಇದೇ ಕ್ರಮ. ಇದರೊಡನೆ ಇನ್ನೊಂದು ವಿಧಿಯುಂಟು. ಕೊಳ್ಳುವವರು ತಮ್ಮ ತಮ್ಮೊಳಗಣ ಪೈಪೋಟಿಯಿಂದ ಬೆಲೆಯನ್ನು ಏರಿಸಿದರೆ, ಹಾಗೆ ಏರಿದ ಭಾಗವು ಸುಂಕದೊಡನೆ ಬೊಕ್ಕಸಕ್ಕೆ ಸೇರತಕ್ಕದ್ದು, ಮಾರಿದವನಿಗೆ ಸಲ್ಲದು. ವಸ್ತುವಿನ ಬೆಲೆ ಬೇರೆ, ಸ್ಪರ್ಧೆಯ ಬೆಲೆ ಬೇರೆ ಎಂಬ ವಿಂಗಡಣೆಯು ಇದರಿಂದ ಹೊರಡುವುದಷ್ಟೆ.

ಕಾಲಕ್ರಮದಲ್ಲಿ ಹರಾಜಿಗೆ ಕಟ್ಟೆಯೂ ಬೇಡವಾಯಿತು, ಕೂಗುವವನೂ ಬೇಡವಾದನು. 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣನು ಅಂತರ್ಜಾಲದಲ್ಲಿ ಒಂದು ಹರಾಜುಕಟ್ಟೆಯನ್ನು ತೆರೆದನು. ಮುಂದೆ ಈಬೇ ಎಂದು ಪ್ರಸಿದ್ಧವಾದದ್ದು ಅದೇ. ಅಲ್ಲಿ ಮೊದಲು ಮಾರಾಟವಾದದ್ದು ಬೆಳಕಿನ ಚುಕ್ಕೆಯನ್ನು ಬೀಳಿಸಿ ತೋರಿಸುವ ಲೇಸರ್ ಪಾಯಿಂಟರ್ ಎಂಬ ಕೈಸಾಧನ; ಅದೂ ಕೆಟ್ಟುಹೋದದ್ದು. ಅದು 14.83 ಡಾಲರಿಗೆ ಹೋಯಿತು. ಕೆಟ್ಟಿರುವುದು ತಿಳಿದಿದೆಯೇ ಎಂದು ಕೊಂಡವನನ್ನು ಕೇಳಲಾಗಿ, ಕೆಟ್ಟುಹೋದ ಅಂಥ ಸಾಧನಗಳನ್ನು ಕೂಡಿಡುವುದೇ ತನ್ನ ಹವ್ಯಾಸವೆಂದು ಆತನು ಉತ್ತರ ಬರೆದನಂತೆ. ಹಳೆಯ ವಸ್ತುವಿನ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ನಾಂದಿಯು ದೊರೆಯಲಾರದು. ದೋಷವನ್ನು ಹೇಳಿದವನೊಬ್ಬನು, ಕೇಳಿ ತಿಳಿದು ಕೊಂಡವನೊಬ್ಬನು. ಈಬೇಯ ಭಾರತದ ಶಾಖೆಯು 2018ರಲ್ಲಿ ಮುಚ್ಚಿತಾದರೂ ನಾಣ್ಯ, ಅಂಚೆಚೀಟಿ, ಹಳೆಯ ಪುಸ್ತಕ ಮೊದಲಾದವುಗಳ ಚಿಕ್ಕ ಚಿಕ್ಕ ಹರಾಜುಕಟ್ಟೆಗಳು ದೇಶದಲ್ಲಿ ಇನ್ನೂ ನಡೆದಿವೆ.

ಇವುಗಳ ಕ್ರಮವನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಮಾರುವವನು ವಸ್ತುವಿನ ಚಿತ್ರವನ್ನೂ ವರ್ಣನೆಯನ್ನೂ ಪ್ರಕಟಿಸಿ, ಹರಾಜು ಮುಗಿಯುವ ಗಳಿಗೆಯನ್ನು ಗೊತ್ತುಮಾಡುವನು. ಕೊಳ್ಳಬಯಸುವವನು ತಾನು ಕೊಡಬಲ್ಲ ಪರಮಾವಧಿಯನ್ನು ಗುಟ್ಟಾಗಿ ತಿಳಿಸಿಟ್ಟರೆ ಯಂತ್ರವೇ ಅವನ ಪರವಾಗಿ ಸವಾಲು ಹಾಕುತ್ತ, ಎದುರಾಳಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲೆ ನಿಲ್ಲುವುದು. ಸಾವಿರದವರೆಗೆ ಏರಲು ಸಿದ್ಧನಾದವನೂ ಎದುರಾಳಿಯು ಮುನ್ನೂರಕ್ಕೆ ನಿಂತರೆ ಮುನ್ನೂರರ ಮೇಲೆ ಸ್ವಲ್ಪ ಕೊಟ್ಟು ಗೆಲ್ಲುವನು. ಗೆದ್ದವನು ಎರಡನೆಯವನ ಬೆಲೆಯನ್ನು ಕೊಡುವಂಥ ಹರಾಜಿನಲ್ಲಿ ಪ್ರತಿಯೊಬ್ಬನೂ ತನ್ನ ಮನಸ್ಸಿನ ನಿಜವಾದ ಬೆಲೆಯನ್ನು ಒಮ್ಮೆ ಹೇಳಿ ಸುಮ್ಮನಿರುವುದೇ ಲೇಸೆಂದು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ತೋರಿಸಿಕೊಟ್ಟರು. ಆದರೆ ಒಮ್ಮೆ ಹೇಳಿ ಸುಮ್ಮನಿರುವುದು ಮನುಷ್ಯನಿಗೆ ಸುಲಭವಲ್ಲ.

ಇದಕ್ಕೆ ನಿದರ್ಶನವಾಗಿ ಒಂದು ತಾಲ್ಲೂಕು ಊರಿನ ವೃದ್ಧ ಪಂಡಿತರೊಬ್ಬರಿಗೆ ಒದಗಿದ ಅನುಭವವನ್ನು ಹೇಳಬಹುದು. ಅವರು ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾದ, ತತ್ತ್ವಬೋಧಿನೀ ವ್ಯಾಖ್ಯಾನದೊಡನೆ ಕೂಡಿದ ಸಿದ್ಧಾಂತಕೌಮುದಿಯ ಒಂದು ಪ್ರತಿಯು ಅವರ ಬಳಿಯಲ್ಲಿದ್ದಿತು. ತಂದೆಯವರು ಕಾಯಿಲೆ ಬಿದ್ದ ವರ್ಷ ಔಷಧದ ಖರ್ಚಿಗಾಗಿ ಅದನ್ನು ಹದಿನೈದು ರೂಪಾಯಿಗೆ ಮಾರಿಬಿಟ್ಟರು. ಆಮೇಲೆ ಮೂವತ್ತು ವರ್ಷಗಳ ಕಾಲ ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದರು. ಹೊಸ ಮುದ್ರಣದ ಕೌಮುದಿಯನ್ನೂ ಕೊಂಡರು. ಆದರೂ ಆ ಹಳೆಯ ಅಕ್ಷರಗಳ ದುಂಡನ್ನೂ ಕಾಗದದ ವಾಸನೆಯನ್ನೂ ಮರೆಯಲಾರದೆ ಹೋದರು. ಒಂದು ದಿನ ಮೊಮ್ಮಗನು ತನ್ನ ಮೊಬೈಲಿನಲ್ಲಿ ಒಂದು ಹರಾಜುಕಟ್ಟೆಯನ್ನು ತೋರಿಸುತ್ತಿರುವಾಗ ಅದೇ ಮುದ್ರಣದ ಪುಸ್ತಕವು ಕಣ್ಣಿಗೆ ಬಿದ್ದಿತು. ಸವೆದ ಮೂಲೆಗಳು, ಕೆಂಪು ಬಟ್ಟೆಯ ಬೆನ್ನು. ಮೊದಲ ಬೆಲೆ 300 ರೂಪಾಯಿ. ಪಂಡಿತರು ಕೆಲವು ಹೊತ್ತು ಮಾತನಾಡಲಿಲ್ಲ. ಅವರ ಪ್ರತಿಗೂ ಕೆಂಪು ಬಟ್ಟೆಯ ಬೆನ್ನನ್ನೇ ಕಟ್ಟಿಸಿದ್ದರು.

ಅವರು ಯೋಚಿಸಿ 1,200 ರೂಪಾಯಿಯನ್ನು ಪರಮಾವಧಿಯೆಂದು ಗೊತ್ತುಮಾಡಿದರು. ಹರಾಜು ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಮುಗಿಯತಕ್ಕದ್ದು. ಎಂಟೂಮುಕ್ಕಾಲಿನವರೆಗೆ ಬೆಲೆಯು 650ರಲ್ಲಿ ನಿಂತಿದ್ದಿತು. ಆಮೇಲೆ ಎಲ್ಲಿಂದಲೋ ಮತ್ತೊಬ್ಬನು ಬಂದನು. ಅವನ ಊರಿಲ್ಲ, ಮುಖವಿಲ್ಲ. ನಾಲ್ಕು ಅಕ್ಷರಗಳ ಒಂದು ಸುಳ್ಳು ಹೆಸರು ಮಾತ್ರ. ನೋಡುತ್ತಿರುವಂತೆಯೇ ಬೆಲೆಯು 1,200ನ್ನು ದಾಟಿತು.

"ಬಿಟ್ಟುಬಿಡೋಣವೇ, ತಾತ?" ಎಂದನು ಮೊಮ್ಮಗ.

"ಇನ್ನೂರು ಸೇರಿಸು" ಎಂದರು ಪಂಡಿತರು.

ಇನ್ನೂರಕ್ಕೆ ಇನ್ನೂರು ಸೇರಿತು, ಅನಂತರ ಐನೂರು. ದೇವಸ್ಥಾನದ ಹರಾಜಿನಲ್ಲಿ ತೆಂಗಿನಕಾಯಿಗಾಗಿ ಹಟ ಹಿಡಿದವರನ್ನು ಕಂಡು ನಕ್ಕಿದ್ದವರು, ಕೌಟಿಲ್ಯನ ಆ ಪ್ರಕರಣವನ್ನು ಎಷ್ಟೋ ಸಲ ಓದಿದ್ದವರು, ಎದ್ದುನಿಂತು ಬೆವರುತ್ತಿದ್ದರು. ಒಂಬತ್ತು ಹೊಡೆದಾಗ ಪುಸ್ತಕವು 4,150 ರೂಪಾಯಿಗೆ ಅವರದಾಗಿದ್ದಿತು. ಅದು ಕನ್ನಡಕವನ್ನು ಬದಲಾಯಿಸುವುದಕ್ಕೆಂದು ಎರಡು ತಿಂಗಳಿನಿಂದ ತೆಗೆದಿರಿಸಿದ್ದ ಹಣ.

ಐದನೆಯ ದಿನ ಟಪಾಲಿನಲ್ಲಿ ಕಟ್ಟು ಬಂದಿತು. ಪಂಡಿತರು ಕೈಕಾಲು ತೊಳೆದುಕೊಂಡು ಬಂದು ಅದನ್ನು ಬಿಚ್ಚಿದರು. ಮೊದಲ ಹಾಳೆಯ ಮೇಲೆ ನೇರಿಳೆ ಮಸಿಯಲ್ಲಿ ಯಾವನೋ ವಿದ್ಯಾರ್ಥಿಯ ಹೆಸರೂ ತಾವು ಕೇಳದ ಒಂದು ಗ್ರಾಮದ ಹೆಸರೂ ಇದ್ದವು. ತಮ್ಮದೇ ಪ್ರತಿಯಾಗಿರಬಹುದೆಂದು ತಾವು ಆಸೆಪಟ್ಟಿದ್ದುದು ಆ ಹೆಸರನ್ನು ಕಂಡಾಗಲೇ ಅವರಿಗೆ ತಿಳಿದದ್ದು. ಸುಮ್ಮನೆ ಹಾಳೆಗಳನ್ನು ತಿರುವುತ್ತ ಹೋದರು. ಸ್ವರಪ್ರಕ್ರಿಯೆಯು ಮುಗಿದಲ್ಲಿಗೆ ಪುಸ್ತಕವೂ ಮುಗಿದಿದ್ದಿತು. ಗ್ರಂಥದ ಕೊನೆಯ ಭಾಗವಾದ ಲಿಂಗಾನುಶಾಸನವು ಕಿತ್ತುಹೋಗಿದ್ದಿತು.

ಮೊಮ್ಮಗನು ಕೋಪಗೊಂಡು ಹರಾಜಿನ ವರ್ಣನೆಯನ್ನು ಮತ್ತೆ ತೆಗೆದು ನೋಡಿದನು. ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದು ಸಾಲು: ಕೊನೆಯ ಕೆಲವು ಹಾಳೆಗಳು ಇಲ್ಲ. ಆತನು ತಗ್ಗಿದ ದನಿಯಲ್ಲಿ, "ಆದರೂ ದಾರಿಯಿದೆ, ತಾತ. ನೀರು ಬಿದ್ದು ಹಾಳಾಗಿ ಬಂದಿದೆ ಎಂದು ಬರೆದರೆ ದುಡ್ಡು ವಾಪಸು ಬರುತ್ತದೆ. ಎಷ್ಟೋ ಜನ ಹಾಗೇ ಮಾಡುತ್ತಾರೆ. ಯಾರು ಬಂದು ನೋಡುತ್ತಾರೆ?" ಎಂದನು. ಪಂಡಿತರು ಆ ರಾತ್ರಿ ಆಗಲೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. 4,150 ರೂಪಾಯಿಯು ನಿವೃತ್ತಿವೇತನದಿಂದ ಬದುಕುವವರಿಗೆ ಸಣ್ಣ ಮೊತ್ತವಲ್ಲ.

ಬೆಳಗ್ಗೆ ಅವರು ಸ್ಮೃತಿಗ್ರಂಥಗಳನ್ನು ಹಲಗೆಯಿಂದ ಇಳಿಸಿಕೊಂಡು ಕುಳಿತರು. ಕೊಂಡ ಅಥವಾ ಮಾರಿದ ಬಳಿಕ ಪಶ್ಚಾತ್ತಾಪಪಟ್ಟವರ ವಿವಾದವು ಹದಿನೆಂಟು ವ್ಯವಹಾರಪದಗಳಲ್ಲಿ ಒಂದು. ಮನುವು ಅಂಥವರಿಗೆ ಹತ್ತು ದಿನಗಳ ಅವಕಾಶವನ್ನು ಕೊಟ್ಟಿರುವನು. ಯಾಜ್ಞವಲ್ಕ್ಯನು ಪರೀಕ್ಷೆಯ ಅವಧಿಯನ್ನು ಒಂದೊಂದಕ್ಕೂ ಬೇರೆಬೇರೆಯಾಗಿ ಹೇಳಿರುವನು: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣಪಟ್ಟಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದುದು ಈ ಸ್ಮೃತಿಯ ಮೇಲೆಯೇ. ನಾರದನಂತೂ ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕುವನು. ಕೊಂಡ ದಿನವೇ ಕೆಡಿಸದೆ ಹಿಂದಿರುಗಿಸಿದರೆ ಪೂರ್ತಿ ಹಣ. ಎರಡನೆಯ ದಿನವಾದರೆ ಮೂವತ್ತರಲ್ಲಿ ಒಂದು ಪಾಲು ಕಡಿತ. ಮೂರನೆಯ ದಿನ ಅದರ ಇಮ್ಮಡಿ. ಆಮೇಲೆ ವಸ್ತುವು ಕೊಂಡವನದೇ. ಆದರೆ ಅದೇ ನಾರದನು ಒಂದು ವಸ್ತುವನ್ನು ಬೇರೆಯಾಗಿ ಎತ್ತಿ ಹೇಳಿರುವನು. ಉಟ್ಟು ಸವೆದು ಮಾಸಿದ ಬಟ್ಟೆಯನ್ನು, ಅದರ ದೋಷವು ಕೊಳ್ಳುವಾಗಲೇ ಇದ್ದಿತಾದರೆ, ಮಾರಿದವನಿಗೆ ಹಿಂದಿರುಗಿಸಲಾಗದು.

ಪಂಡಿತರು ಇದನ್ನು ಮೊಮ್ಮಗನಿಗೆ ಓದಿ ಅರ್ಥ ಹೇಳಿದರು.

"ಬಟ್ಟೆಗೆ ಹೇಳಿದ್ದು ಪುಸ್ತಕಕ್ಕೆ ಹೇಗೆ ಸಲ್ಲುತ್ತದೆ, ತಾತ?"

"ಅದು ಒಬ್ಬರು ಉಟ್ಟು ಬಿಟ್ಟದ್ದು, ಇದು ಒಬ್ಬರು ಓದಿ ಬಿಟ್ಟದ್ದು, ಮಗೂ. ಹಾಳೆ ಇಲ್ಲ ಎಂದು ಅವನು ಬರೆದಿದ್ದಾನೆ. ಓದದೆ ಇದ್ದವನು ನಾನು."

"ಹಾಗಾದರೆ ಹೆಚ್ಚಾಗಿ ಕೊಟ್ಟ ಮೂರು ಸಾವಿರ?"

"ಅದು ಪುಸ್ತಕದ ಬೆಲೆಯೇ ಅಲ್ಲ. ಕೌಟಿಲ್ಯನ ಕಾಲವಾಗಿದ್ದರೆ ಬೊಕ್ಕಸಕ್ಕೆ ಹೋಗುತ್ತಿತ್ತು" ಎಂದು ಹೇಳಿ ಪಂಡಿತರು ಮೊದಲ ಸಲ ನಕ್ಕರು.

ನಗುವಿನ ಹಿಂದೆ ವಿಚಾರಿಸತಕ್ಕ ಮಾತೊಂದಿರುವುದು. ದೂರದಿಂದ ನಡೆಯುವ ಹಳೆಯ ವಸ್ತುವಿನ ವ್ಯಾಪಾರದಲ್ಲಿ ಕೊಳ್ಳುವವನು ಮುಟ್ಟಿ ನೋಡಲಾರನು, ತಟ್ಟಿ ನೋಡಲಾರನು. ಅವನಿಗೆ ಸಾಕ್ಷಿಯಾಗಿರುವುದು ಕೆಲವು ಚಿತ್ರಗಳು, ಮಾರುವವನ ಮಾತು, ಆ ಮಾರುವವನ ವಿಷಯವಾಗಿ ಹಿಂದೆ ಕೊಂಡವರು ಬರೆದಿಟ್ಟ ಅಭಿಪ್ರಾಯ ಇಷ್ಟೆ. ಕೊಳ್ಳುವವರಿಗೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂಬುದು ತಿಳಿಯದ ಸಂತೆಯಲ್ಲಿ ಎಲ್ಲಕ್ಕೂ ಕೆಟ್ಟದ್ದರ ಬೆಲೆಯೇ ಹುಟ್ಟಿ, ಒಳ್ಳೆಯ ವಸ್ತುವನ್ನುಳ್ಳವರು ಸಂತೆಗೆ ಬರುವುದನ್ನೇ ಬಿಡುವರೆಂದು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಮೋಟಾರುಗಳ ಉದಾಹರಣೆಯಿಂದ ತೋರಿಸಿದರು. ಸುಳ್ಳು ಹೇಳುವ ಮಾರಾಟಗಾರನು ಈ ಸಂತೆಯನ್ನು ಕೆಡಿಸುವನೆಂಬುದು ಎಲ್ಲರೂ ಬಲ್ಲ ಮಾತು. ಸುಳ್ಳು ದೂರನ್ನು ಬರೆಯುವ ಗಿರಾಕಿಯು ಅಷ್ಟೇ ಕೆಡಿಸುವನೆಂಬುದು ಅಷ್ಟಾಗಿ ನೆನಪಿಗೆ ಬಾರದು. ದೋಷವನ್ನು ತಾನಾಗಿ ಹೇಳಿದವನಿಗೆ ಅದರಿಂದಲೇ ನಷ್ಟವಾದರೆ, ಮುಂದಿನ ಸಲ ಆ ಕೊನೆಯ ಸಾಲನ್ನು ಆತನು ಏಕೆ ಬರೆದಾನು?

ಪಂಡಿತರು ಮೊಮ್ಮಗನ ಕೈಯಿಂದ ಮಾರಾಟಗಾರನ ಹೆಸರಿನ ಕೆಳಗೆ ಒಂದು ಅಭಿಪ್ರಾಯವನ್ನು ಬರೆಯಿಸಿದರು: "ಇರುವುದನ್ನೂ ಇಲ್ಲದುದನ್ನೂ ಹೇಳಿ ಮಾರಿದ್ದಾರೆ." ಹಳೆಯ ಕನ್ನಡಕದಲ್ಲಿಯೇ ಇನ್ನೊಂದು ವರ್ಷ ಕಳೆಯಲು ನಿಶ್ಚಯಿಸಿದರು. ಆಮೇಲೆ ಪುಸ್ತಕದ ಅಳತೆಗೆ ಕಾಗದವನ್ನು ಕತ್ತರಿಸಿಕೊಂಡು, ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಲಿಂಗಾನುಶಾಸನವನ್ನು ದಿನಕ್ಕೆ ಒಂದಿಷ್ಟರಂತೆ ಬರೆಯತೊಡಗಿದರು. ನೆನಪು ತಪ್ಪಿದ ಕಡೆಗಳಲ್ಲಿ ಹೊಸ ಮುದ್ರಣವನ್ನು ನೋಡಿ ತಿದ್ದಿಕೊಂಡರು. ಕೆಲಸವು ಮೂರು ವಾರ ಹಿಡಿಯಿತು. ಹಾಳೆಗಳನ್ನು ಹೊಲಿದು ಸೇರಿಸಿದ ದಿನ, ಮೊದಲ ಪುಟದ ನೇರಿಳೆ ಮಸಿಯ ಹೆಸರಿನ ಕೆಳಗೆ ತಮ್ಮ ಹೆಸರನ್ನು ಹಾಕುವರೆಂದು ಮೊಮ್ಮಗನು ಕಾದಿದ್ದನು. ಅವರು ಹೆಸರನ್ನು ಹಾಕಲಿಲ್ಲ. ತಮ್ಮ ಕಾಲದ ಮೇಲೆ ಇದು ಮತ್ತೆ ಹರಾಜಿಗೆ ಹೋಗುವುದು ನಿಶ್ಚಯವೆಂದು ಹೇಳುತ್ತ, ದಪ್ಪ ಅಕ್ಷರದಲ್ಲಿ ಹೀಗೆ ಬರೆದರು: "ಲಿಂಗಾನುಶಾಸನದ ಹಾಳೆಗಳು ಅಚ್ಚಿನವಲ್ಲ, ಕೈಬರಹದವು. ಕೊಳ್ಳುವವರು ನೋಡಿ ಕೊಳ್ಳತಕ್ಕದ್ದು."