ಕೋವಿಗೂ ಒಂದು ಹಾಸಿಗೆ

"ಕೂಸಿಂಗೆ ಕೋವಿ ಎಂತಗೆ?" ಹೇಳಿ ಒಂದರಿ ಆದರೂ ಕೇಳದ್ದ ಅತ್ತೆ, ಚಿಕ್ಕಮ್ಮ, ಅತ್ತಿಗೆ ಎಂಗಳ ನೆಂಟರಲ್ಲಿ ಇಲ್ಲೆ. ಕದ್ರಿಯ ನೆರೆಕರೆಯವಕ್ಕೂ ಅದೇ ಪ್ರಶ್ನೆ. ಎನ್ನ ಉತ್ತರ ಸಣ್ಣದು: ಮಗಳಿಂಗೆ ಗುರಿ ಹಿಡಿವ ಆಟ ಹೇಳಿರೆ ಕೊಶಿ. ಬೇಟೆ ಅಲ್ಲ, ಕಾಗದಕ್ಕೆ ಹೊಡವದು. ರೈಫಲ್ ಕ್ಲಬ್ಬಿಂದು, ಅಲ್ಲೇ ಬೀಗ ಹಾಕಿ ಮಡುಗುತ್ತವು. 2010ರಲ್ಲಿ ಮ್ಯೂನಿಕ್‌ಲಿ 50 ಮೀಟರ್ ರೈಫಲ್‌ಲಿ, ಕವುಂಚಿ ಮನುಗಿ ಹೊಡವ ಸ್ಪರ್ಧೆಲಿ, ಲೋಕ ಚಾಂಪಿಯನ್ ಆದ್ದದು ತೇಜಸ್ವಿನಿ ಸಾವಂತ್. ನಮ್ಮ ಬೆಳಗಾವಿಯ ಆಚಿಕರೆ ಕೊಲ್ಹಾಪುರದ ಕೂಸು ಅದು. 2024ರ ಪ್ಯಾರಿಸ್ ಒಲಿಂಪಿಕ್ಸಿಲಿ 50 ಮೀಟರ್ ರೈಫಲ್‌ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆಯೂ ಅದೇ ಜಿಲ್ಲೆಯವ.

ಈ ಆಟದ ಗುಂಡು ತುಂಬ ಸಣ್ಣ. ದಪ್ಪ 5.6 ಮಿಲಿಮೀಟರ್, ತೂಕ ಎರಡೂವರೆ ಗ್ರಾಮಿಂದ ರಜ್ಜ ಹೆಚ್ಚು. ಇದರ ತೋಟಾದ ಅಂಚಿನ ಒಳ ಸಿಡಿವ ಮದ್ದು ಇಪ್ಪದು, ಪೆಟ್ಟು ಬೀಳುದೂ ಅಂಚಿಂಗೇ. ಹಾಂಗಾಗಿ ರಿಮ್‌ಫೈರ್ ಹೇಳ್ತವು. ಗುರಿಯ ಕಾಗದಲ್ಲಿ ನಡುಗಾಣ ಹತ್ತರ ವೃತ್ತ 10.4 ಮಿಲಿಮೀಟರ್ ಅಗಲ, ಅಂಗಿಯ ಗುಬ್ಬಿಯಷ್ಟೆ. ಅದರ 50 ಮೀಟರ್ ದೂರಂದ ಹೊಡೆಯೆಕ್ಕು.

ಕಳುದ ವರ್ಷ ಬೇಸಗೆಲಿ ಮಗಳು ಹೊಡದ ಹತ್ತು ಒಟ್ಟೆಯೂ ಐದು ರೂಪಾಯಿ ನಾಣ್ಯದ ಅಡಿಲಿ ಮುಚ್ಚಿಗೊಂಡಿತ್ತು. ಆಟಿ ತಿಂಗಳು ಬಪ್ಪಗ ಎಲ್ಲ ಚೆಲ್ಲಾಪಿಲ್ಲಿ. ಆಯ್ಕೆಯ ಸ್ಪರ್ಧೆಗೆ ಎರಡು ತಿಂಗಳು ಇತ್ತಷ್ಟೆ. ಕಾರಣ ಹೇಳ್ಲೆ ಜೆನ ಎಷ್ಟು ಬೇಕು? "ಪಿಯುಸಿಯ ತಲೆಬೆಶಿ" ಹೇಳಿ ಒಬ್ಬರು, "ಸರಿ ಉಣ್ತಿಲ್ಲೆ, ಕೈ ನಡುಗುತ್ತು" ಹೇಳಿ ಇನ್ನೊಬ್ಬರು. "ಕೂಸುಗೊಕ್ಕೆ ಹೇಳಿದ ಆಟ ಅಲ್ಲ" ಹೇಳಿಯೂ ಒಬ್ಬರು ಹೇಳಿದವು. ಕೇಳಿ ಕೇಳಿ ಒಂದು ಇರುಳು ಮಗಳೇ ಹೇಳಿತ್ತು, "ಅಮ್ಮಾ, ಆನು ಇದರ ಬಿಡ್ತೆ."

ಬಿಡುದಾದರೆ ಬಿಡು, ಮದಲು ನಿನ್ನ ಪುಸ್ತಕ ತೋರ್ಸು ಹೇಳಿದೆ. ಅದು ಪ್ರತಿ ದಿನದ ಅಂಕ, ಮಳೆ, ಬೆಶಿಲು ಎಲ್ಲ ಬರದು ಮಡುಗುತ್ತು. ನೋಡಿರೆ, ಗುಂಡು ಹರಡ್ಲೆ ಸುರು ಆದ ವಾರವೇ ಎಂಗಳ ಬಚ್ಚಲ ಬಾಗಿಲು ಉಬ್ಬಿ ಹಾಕ್ಲೆ ಎಡಿಯದ್ದೆ ಆದ್ದು! ಕ್ಲಬ್ಬಿನ ಆ ಹಳೆ ರೈಫಲಿನ ಹಿಡಿಯೂ ಮರದ್ದೇ. ನಿನ್ನ ಕೋಚ್ ಒಂದರಿ ಅದರಲ್ಲೇ ಹೊಡದು ನೋಡಲಿ ಹೇಳಿ ಕಳುಸಿದೆ. ಅವು ರೈಫಲಿನ ಮರಳಿನ ಚೀಲದ ಮೇಗೆ ಮಡುಗಿ, ಅದೇ ಪೆಟ್ಟಿಗೆಯ ತೋಟಾ ಹಾಕಿ ಹತ್ತು ಗುಂಡು ಹೊಡದವು. ಅವರದ್ದೂ ಹಾಂಗೇ ಹರಡಿತ್ತು. ಅಂಬಗ ಕೈ ನಡುಗಿದ್ದು ಆರದ್ದು?

ಕ್ಲಬ್ಬಿನವು ಅದರ ಲೈಸೆನ್ಸು ಇಪ್ಪ ಕೋವಿ ರಿಪೇರಿಯವರ ಹತ್ತರೆ ತೆಕ್ಕೊಂಡು ಹೋದವು. ಅವು ನಳಿಗೆಗೂ ಮರಕ್ಕೂ ನಡುಕೆ ಒಂದು ಕಾಗದದ ಚೂರು ತೂರ್ಸಿದವು. ಅರ್ಧಲ್ಲಿ ಸಿಕ್ಕಿಬಿದ್ದತ್ತು. ಮರ ಚಂಡಿ ಹೀರಿ ಉಬ್ಬಿ ನಳಿಗೆಗೆ ಒತ್ತಿಗೊಂಡಿದ್ದತ್ತು. ಕಬ್ಬಿಣದ ಭಾಗ ಕೂಪ ಜಾಗೆಯೂ ಏರುತಗ್ಗು ಆಗಿತ್ತು. ಸ್ಕ್ರೂ ಬಿಗುದ ಹಾಂಗೆ ಕಬ್ಬಿಣ ರಜ್ಜ ಬಗ್ಗುತ್ತು. ಪ್ರತಿ ಗುಂಡಿಂಗೂ ಅದುರಿ, ಮತ್ತೆ ಕೂಪಗ ಬೇರೆಯೇ ನಮುನೆಲಿ ಕೂರ್ತು. ಮೆಟ್ಟುಕತ್ತಿಯ ಅಲಗು ಮಣೆಲಿ ಅಲುಗಿರೆ ಹೇಂಗೆ? ಕತ್ತಿ ಎಷ್ಟು ಹರಿತ ಇದ್ದರೂ ಹೋಳು ಒಂದೇ ಹಾಂಗೆ ಬತ್ತಿಲ್ಲೆ. ಇದೂ ಹಾಂಗೇ.

ಇದಕ್ಕೆ ಮಾಡುವ ಮದ್ದಿಂಗೆ ಬೆಡ್ಡಿಂಗ್ ಹೇಳ್ತವು. "ಕೋವಿಗೂ ಹಾಸಿಗೆಯಾ?" ಹೇಳಿ ಅತ್ತೆ ನೆಗೆ ಮಾಡಿದವು. ಅಪ್ಪು, ಹಾಸಿಗೆಯೇ. ಕಬ್ಬಿಣ ಕೂಪ ಜಾಗೆಯ ಮರವ ರಜ್ಜ ಕೆರಸಿ ತೆಗೆತ್ತವು. ಅಲ್ಲಿಗೆ ಎಪಾಕ್ಸಿ ಮೆತ್ತುದು. ಮನೆಲಿ ಅರಾಲ್ಡೈಟಿನ ಎರಡು ಟ್ಯೂಬು ಬೆರಸುತ್ತಿಲ್ಲೆಯಾ, ಅದೇ ಜಾತಿ. ಕಬ್ಬಿಣಕ್ಕೆ ಮದಲೇ ಮೇಣ ಉದ್ದೆಕ್ಕು, ಸ್ಕ್ರೂವಿನ ಒಟ್ಟೆಗಳ ಮಕ್ಕೊ ಆಡುವ ಕ್ಲೇ ಹಾಕಿ ಮುಚ್ಚೆಕ್ಕು. ಇಲ್ಲದ್ದರೆ ಅದು ಎಂದಿಂಗೂ ಬಿಟ್ಟು ಬಾರ. ಕಬ್ಬಿಣವ ಮೆಲ್ಲಂಗೆ ಕೂರ್ಸಿ ಒಂದು ದಿನ ಹಾಂಗೇ ಬಿಡುದು. ಮರದಿನ ಎಬ್ಬಿಸಿರೆ ಅದರ ಮೈಯ ಅಚ್ಚು ಹಾಸಿಗೆಲಿ ಮೂಡಿರ್ತು. ಮತ್ತೆ ನಳಿಗೆಯ ಅಡಿಯಾಣ ಮರವ ಕೆರಸಿ, ಕಾಗದ ಈ ಕೊಡಿಂದ ಆ ಕೊಡಿಗೆ ಸಲೀಸಾಗಿ ಹೋಪ ಹಾಂಗೆ ಮಾಡಿದವು. ಮರದ ಒಳ ಮೈಗೂ ವಾರ್ನಿಶ್ ಕೊಟ್ಟವು. ಸ್ಕ್ರೂವಿನ ಪ್ರತಿ ಸರ್ತಿ ಒಂದೇ ಬಲಲ್ಲಿ ಬಿಗಿವಲೆ ಅಳತೆ ಇಪ್ಪ ಸ್ಪಾನರ್ ಇದ್ದು, ಅದರನ್ನೇ ಉಪಯೋಗಿಸೆಕ್ಕಡ. ದೊಡ್ಡ ಸ್ಪರ್ಧೆಗಳಲ್ಲಿ ಈಗ ಅಲ್ಯೂಮಿನಿಯಮ್ ಚೌಕಟ್ಟಿನ ರೈಫಲುಗೊ ಹೆಚ್ಚು. ಅದು ಮಳೆಗೆ ಉಬ್ಬುತ್ತಿಲ್ಲೆ. ಆದರೆ ಅದಕ್ಕೆ ಲಕ್ಷಗಟ್ಲೆ ಪೈಸೆ ಬೇಕು.

ರೈಫಲ್ ವಾಪಾಸು ಬಂದ ದಿನವೂ ಜಡಿ ಮಳೆ. ಮಗಳು ಹತ್ತು ಗುಂಡು ಹೊಡದು ಕಾಗದ ತಂದು ಎನ್ನ ಕೈಲಿ ಕೊಟ್ಟತ್ತು, ಮಾತೇ ಇಲ್ಲೆ. ಪರ್ಸಿಂದ ಐದು ರೂಪಾಯಿ ತೆಗದು ಮಡುಗಿ ನೋಡಿದೆ. ಒಂದು ಒಟ್ಟೆ ಮಾಂತ್ರ ಕರೆಲಿ ಇಣುಕಿಗೊಂಡಿತ್ತು. "ಅದು ಎನ್ನದೇ ತಪ್ಪು, ಉಸಿರು ಬಿಟ್ಟದು" ಹೇಳಿ ನೆಗೆ ಮಾಡಿತ್ತು. ಯಾವುದು ತನ್ನ ತಪ್ಪು, ಯಾವುದು ಅಲ್ಲ ಹೇಳಿ ಗೊಂತಾದ ಮೇಲೆ ತನ್ನ ತಪ್ಪು ಹೇಳ್ಲೂ ಅದಕ್ಕೆ ಹೆದರಿಕೆ ಇಲ್ಲೆ.

ಆಯ್ಕೆಲಿ ಎರಡು ಅಂಕಲ್ಲಿ ತಪ್ಪಿಹೋತು. ಮನೆಗೆ ಬಂದು ಒಂದು ಗಳಿಗೆ ಕೂಗಿತ್ತು, ಮತ್ತೆ ಉಂಡು ಪುಸ್ತಕ ಬರದತ್ತು. ಬಿಡುವ ಮಾತು ಬೈಂದಿಲ್ಲೆ.

ನಿಂಗಳ ಮನೆಯ ಮಕ್ಕೊ ಈ ಆಟಕ್ಕೆ ಸೇರಿರೆ ಎರಡು ಸಂಗತಿ ನೆಂಪು ಮಡಿಕ್ಕೊಳಿ. ಒಂದು, ಈ ಹಾಸಿಗೆ ಹಾಕುವ ಕೆಲಸ ಲೈಸೆನ್ಸು ಇಪ್ಪವರದ್ದೇ, ಮನೆಯ ಅರಾಲ್ಡೈಟಿಂದು ಅಲ್ಲ. ಇನ್ನೊಂದು, ಮಳೆಗಾಲಕ್ಕೆ ಮದಲೇ ಆ ಕಾಗದದ ಚೂರು ತೂರ್ಸಿ ನೋಡ್ಲೆ ಕೋಚಿನ ಹತ್ತರೆ ಹೇಳಿ. ಕಾಗದಕ್ಕೆ ಒಂದು ಪೈಸೆ ಖರ್ಚಿಲ್ಲೆ. "ನಿನ್ನ ಕೈ ಸರಿ ಇಲ್ಲೆ" ಹೇಳಿ ಕೂಸಿಂಗೆ ಹೇಳ್ಲೂ ಖರ್ಚಿಲ್ಲೆ, ಆದರೆ ಅದು ಮನಸ್ಸಿಂದ ಹೋಪಲೆ ತುಂಬ ದಿನ ಬೇಕು.